ಒಂಬತ್ತನೆಯ ರುಜು

ನಾಯಕನ ರುಜು ಭದ್ರಾವತಿಯಲ್ಲಿ ಯಾರ ಹತ್ತಿರ ಇಲ್ಲ ಹೇಳಿ.
ಹೊಸಮನೆಯ ಕ್ಷೌರದಂಗಡಿಯಲ್ಲಿ, ಕನ್ನಡಿಯ ಮೇಲೆ,
ಜನ್ನಾಪುರದ ಹಿಟ್ಟಿನ ಗಿರಣಿಯಲ್ಲಿ, ಬೆಳ್ಳಗೆ ಧೂಳು ಕೂತ ಗಾಜಿನೊಳಗೆ
ಕಾರ್ಖಾನೆಯ ಅಂಗಿ ತೊಟ್ಟು ಷಡಾಕ್ಷರಪ್ಪ ನಗುತ್ತಾನೆ.
ಕೆಳಗೆ ನೀಲಿ ಮಸಿ: ಹೊಟ್ಟೆ ಸೀಳಿದ ದೊಡ್ಡ ಷ,
ಕೊನೆಯ ಒತ್ತಿಗೆ ಉದ್ದನೆಯ ಬಾಲ.

ನನಗೆ ಬೇಕಾದದ್ದು ಅದಲ್ಲ.

ಎಪ್ಪತ್ತೇಳರಲ್ಲಿ ಕಪ್ ಗೆದ್ದು ತಂದ
ಬಾಲ್ ಬ್ಯಾಡ್ಮಿಂಟನ್ ತಂಡದಲ್ಲಿ ಹತ್ತು ಜನ.
ಐವರು ಆಡುವವರು, ಐವರು ಕೂರುವವರು.
ಕೂರುವವರಿಗೂ ಕೆಲಸವಿತ್ತು:
ಇಬ್ಬನಿಗೆ ನೆನೆದರೆ ಉಣ್ಣೆಯ ಚೆಂಡು ಕಲ್ಲಾಗುತ್ತದೆ,
ಅದನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುವುದು,
ಬ್ಯಾಟಿನ ನರ ಬಿಗಿಯುವುದು, ನಿಂಬೆಹಣ್ಣು ಹೆಚ್ಚುವುದು,
ಕರೆ ಬಂದರೆ ಇರಲಿ ಎಂದು ಬೂಟಿನ ದಾರ ಬಿಚ್ಚದಿರುವುದು.

ಮೆರವಣಿಗೆಯ ದಿನ ನನಗೆ ಹನ್ನೊಂದು ವರ್ಷ.
ನಾಯಕನ ಸುತ್ತ ಜನ, ಜನದ ಸುತ್ತ ಪೊಲೀಸು.
ಲಾರಿಯ ಹಿಂಭಾಗದಲ್ಲಿ, ಚೆಂಡಿನ ಚೀಲದ ಮೇಲೆ
ಒಬ್ಬ ಕಡಲೆಕಾಯಿ ಸುಲಿಯುತ್ತ ಕೂತಿದ್ದ.
ಎರಡು ಗೆರೆ ಕಾಪಿ ಪುಸ್ತಕ ಚಾಚಿದೆ.
ಅವನು ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ.
ಆಮೇಲೆ, ಸಂಬಳದ ರಿಜಿಸ್ಟರಿನಲ್ಲಿ ಬರೆಯುವ ಹಾಗೆ ಬರೆದ:
ಟಿ. ಬೂದ್ಯಪ್ಪ, ಬಿನ್ ಹನುಮಂತಪ್ಪ,
ಟೋಕನ್ ೧೧೪೬, ಫೌಂಡ್ರಿ.
ಪುಸ್ತಕದ ಜೊತೆ ಎರಡು ಕಡಲೆಕಾಯಿಯನ್ನೂ ಕೊಟ್ಟ.

ಅಂದು ಹತ್ತಿದ ಚಟ.

ಶಿವಮೊಗ್ಗದ ಅಂಚೆ ಕಚೇರಿಯಲ್ಲಿ ಮೂವತ್ತಾರು ವರ್ಷ
ಕಾಗದ ವಿಂಗಡಿಸಿದವನಿಗೆ ಮನುಷ್ಯರನ್ನು ಹುಡುಕುವುದು ಕಷ್ಟವಲ್ಲ.
ತೀರ್ಥಪ್ಪ ಸಿಕ್ಕಿದ್ದು ತರೀಕೆರೆಯಲ್ಲಿ, ಕೋಳಿ ಅಂಗಡಿಯ ಗಲ್ಲಾದ ಮುಂದೆ;
ರುಜುವಿನ ಜೊತೆ ಹಾಳೆಗೊಂದು ಗರಿ ಅಂಟಿತು, ತೆಗೆದಿಲ್ಲ.
ಪೆರುಮಾಳ್ ತಮಿಳಿನಲ್ಲಿ ಬರೆದು, ಓದಿ ಹೇಳಿ, ಮತ್ತೆ ಕನ್ನಡದಲ್ಲಿ ಬರೆದ.
ಸಯ್ಯದ್ ಗೌಸ್ "ಆ ಗೌಸ್ ನಾನಲ್ಲ" ಎಂದು ಬಾಗಿಲು ಹಾಕಿದ;
ಎರಡನೇ ಸಲ ಚಹಾ ಕೊಟ್ಟ, ರುಜು ಕೊಡಲಿಲ್ಲ;
ಮೂರನೇ ಸಲ ಕೇಳದೆಯೇ ಕೊಟ್ಟ.
ಕುಬೇರಪ್ಪ ಇರಲಿಲ್ಲ. ಹೆಂಡತಿ ಗ್ರಾಚ್ಯುಟಿ ಕಾಗದ ತಂದು
"ಕೆಳಗಿನದ್ದು ಅವರದ್ದೇ, ಕತ್ತರಿಸಿಕೊಳ್ಳಿ" ಅಂದರು.
ಆ ಪುಟ ಖಾಲಿ ಬಿಟ್ಟಿದ್ದೇನೆ.

ನಾಯಕನನ್ನು ಬಿಟ್ಟರೆ ಒಂಬತ್ತು ಜನ. ಒಂಬತ್ತನೆಯವರು ಇನ್ನಾಸಪ್ಪ.
ಟೈಮ್ ಆಫೀಸಿನ ಗುಮಾಸ್ತ, ಇಡೀ ಪಂದ್ಯಾವಳಿಯಲ್ಲಿ
ನಾಲ್ಕೇ ನಿಮಿಷ ಅಂಕಣಕ್ಕೆ ಇಳಿದವರು.
ಇಗರ್ಜಿಯ ಹಿಂದಿನ ಓಣಿ. ಕಳೆದ ಮಂಗಳವಾರ.
ಕನ್ನಡಕ ಒರೆಸಿದರು, ಅಂಗೈ ಮೇಲೆ ಪೆನ್ನು ಗೀಚಿ ನೋಡಿದರು,
ಬರೆಯತೊಡಗಿದರು.

ಷ.

ಕೈ ನಿಂತಿತು.
ಹೊಟ್ಟೆ ಸೀಳಿದ, ದೊಡ್ಡ, ಊರೆಲ್ಲ ನೇತುಹಾಕಿಕೊಂಡ ಅದೇ ಷ.

"ಫೈನಲ್ಲಿನಲ್ಲಿ ಅವನ ಹೆಬ್ಬೆರಳು ಉಳುಕಿತ್ತು" ಅಂದರು.
"ಇನ್ನೂರು ಫೋಟೊ. ಬೆಳಗಾದರೆ ಸನ್ಮಾನ.
ಅಕ್ಷರ ದುಂಡಗಿದೆ ಅಂತ ಮ್ಯಾನೇಜರು ನನ್ನನ್ನು ಕೂರಿಸಿದರು.
ಷಡಾಕ್ಷರಿ ಪಕ್ಕದಲ್ಲೇ ಕೂತು ಒಂದೊಂದನ್ನೂ ಬಾಯಲ್ಲಿ ಊದಿ ಆರಿಸಿದ,
ರಾತ್ರಿ ಎರಡರ ತನಕ."
ಸ್ವಲ್ಪ ಹೊತ್ತು ಬಿಟ್ಟು:
"ಅವನ ರುಜುವಿಗೆ ಬಾಲ ಇರಲಿಲ್ಲ. ಅದು ನನ್ನದು."

ಷ-ದ ಮೇಲೊಂದು ಗೆರೆ ಎಳೆದು
ಪಕ್ಕದಲ್ಲಿ, ಅಕ್ಷರ ಅಕ್ಷರ ಬಿಡಿಸಿ,
ಬ್ಯಾಂಕಿನವರು ಬಿಟ್ಟರೆ ಯಾರೂ ಕೇಳದಿದ್ದ ಹೆಸರು ಬರೆದರು.

ಭಾನುವಾರ ಹೊಸಮನೆಯಲ್ಲಿ ಕತ್ತು ಬಗ್ಗಿಸಿ ಕೂತಿದ್ದೆ.
ಯಾರೋ ಹೊಸಬರು ಫೋಟೊ ನೋಡಿ ಕೇಳಿದರು, ಅಸಲಿಯಾ?
ಕ್ಷೌರದವನು ಕತ್ತರಿ ನಿಲ್ಲಿಸಿ ನನ್ನನ್ನು ತೋರಿಸಿದ:
ಇವರಿಗೆ ಗೊತ್ತು.

ಅಸಲಿ, ಅಂದೆ. ಬಾಲ ನೋಡಿ.