ಕೋಲಿನ ಮೇಲಿನ ಗೀರು

ಊರಿನ ಹೆಸರು ಬರ್ರಾ.
ಕೆಲಸಕ್ಕೆ ಕರೆ ಬಂದಾಗ ನಮ್ಮ ಕಡೆಯ ‘ಬರ್ರಿ’ ಅಂದಹಾಗೆ ಕೇಳಿಸಿ
ನಕ್ಕಿದ್ದೆ.
ಬಂದು ನೋಡಿದರೆ ಬೋಳು ಗುಡ್ಡ, ಮುಚ್ಚಿದ ತಾಮ್ರದ ಗಣಿ,
ಒಂದು ಔಷಧದಂಗಡಿ, ಅದರ ಕೌಂಟರಿನ ಹಿಂದೆ ನಾನು.

ಥೆಲ್ಮಾ ಟ್ರೆವೊರೋ, ವಯಸ್ಸು ಎಪ್ಪತ್ತಾರು,
ರಕ್ತದೊತ್ತಡದ ಗುಳಿಗೆ ಒಯ್ಯಲು ಬಂದವಳು ಕೇಳಿದಳು:
ಭಾನುವಾರ ಏನು ಮಾಡ್ತೀಯ?
ಏನೂ ಇಲ್ಲ, ಅಂದೆ. ನಿಜವನ್ನೇ ಹೇಳಿದ್ದೆ.
ಲೈಸೆನ್ಸಿನ ಕಾಗದ, ಪಾಠ, ಮತ್ತೆ ಕಾಗದ,
ಒಂದು ಚಳಿಗಾಲ ಅದರಲ್ಲೇ ಸವೆಯಿತು.

ಈಗ ಕೈಯಲ್ಲಿ ಅವಳ ಗಂಡನ ಕೋವಿ.
ನಿಲ್ಲಿಸಿದರೆ ನನ್ನ ಗಲ್ಲಕ್ಕೆ ಬರುತ್ತದೆ.
ಬಾಯಿಂದಲೇ ಉಣ್ಣುವ ಜಾತಿ ಇದು,
ಒಂದೊಂದೇ ತುತ್ತು, ಕ್ರಮ ತಪ್ಪಿದರೆ ಮುನಿಸು.

ಈ ಕರಿ ಪುಡಿಗೆ ನಮ್ಮಲ್ಲಿ ಮದ್ದು ಅನ್ನುತ್ತಾರೆ, ಅಂದೆ.
ನಿನ್ನ ಗುಳಿಗೆಗೂ ಅದೇ ಮಾತು.
ಗಂಡನ ವಶಕ್ಕೆಂದು ಅನ್ನದಲ್ಲಿ ಕಲೆಸುವುದಕ್ಕೂ ಅದೇ.
ಥೆಲ್ಮಾ ಟೋಪಿ ಸರಿಸಿ ಗುಡ್ಡ ನೋಡಿದಳು:
ಆ ಕೊನೆಯದು ನಲವತ್ತು ವರ್ಷ ಮೊದಲು ಗೊತ್ತಾಗಬೇಕಿತ್ತು.

ಹದಿನೇಳು ವರ್ಷ ತೂಗಿದ ಕೈ ನನ್ನದು,
ತಾನಾಗಿ ತಕ್ಕಡಿ ಹುಡುಕಿತು.
ತೂಗಬೇಡ, ಅಳೆ, ಅಂದಳು.
ಬೆರಳುದ್ದದ ಹಿತ್ತಾಳೆ ಕೊಳವೆ,
ನಮ್ಮ ಮನೆಯ ಚಟಾಕಿನ ಮೊಮ್ಮಗಳು.
ಕೊಂಬಿನಿಂದ ಕೊಳವೆಗೆ, ಕೊಳವೆಯಿಂದ ನಳಿಗೆಗೆ.
ನೇರ ಸುರಿಯಬೇಡ, ಎಂದೆಂದಿಗೂ:
ತಳದಲ್ಲಿ ಕಿಡಿಯೊಂದು ಎಚ್ಚರವಿದ್ದರೆ
ಕೊಂಬೆಲ್ಲ ನಿನ್ನ ಮುಖದ ಮೇಲೆ.

ಆಮೇಲೆ ಜೇನುಮೇಣ ಸವರಿದ ದಿಂಬಿನ ಬಟ್ಟೆ,
ಅದರ ಮಡಿಲಲ್ಲಿ ಸೀಸದ ಗುಂಡು,
ಆಮೇಲೆ ಕೋಲು. ಕೋಲಿಗೆ ಎರಡು ಗೀರು,
ಒಂದು ಬರಿಹೊಟ್ಟೆಗೆ, ಒಂದು ತುಂಬಿದ್ದಕ್ಕೆ.
ಕೋವಿ ಬಾಯಿ ಬಿಡುವುದಿಲ್ಲ, ಕೋಲನ್ನು ಕೇಳು.

ಮೊದಲ ಹೊಡೆತ.
ಹೆಗಲಿಗೆ ಬಂದದ್ದು ಗುದ್ದಲ್ಲ,
ತುಂಬಿದ ಬಸ್ಸಿನಲ್ಲಿ ಯಾರೋ ಒತ್ತಿ ನಿಂತಹಾಗೆ ಒಂದು ತಳ್ಳು.
ಬಿಳಿ ಹೊಗೆ ಎದ್ದು ನಿಂತು, ಹೋಗಲೊಲ್ಲದೆ,
ಗುರಿಯನ್ನು ಎಲ್ಲರಿಗೂ ತೋರಿಸಿ
ಹೊಡೆದವಳಿಗೆ ಮಾತ್ರ ಮುಚ್ಚಿತು.
ತಾಗಿತಾ? ತಾಗಿತಾ?
ಹಲಗೆಯ ಮೂಲೆಗೆ ತಾಗಿತ್ತು.

ಐದನೆಯದಕ್ಕೆ ತಲೆಯ ಮೇಲೆ
ಗುಲಾಬಿ ಎದೆಯ ಗಿಳಿಹಿಂಡು ಕಿರುಚುತ್ತ ಹಾಯ್ದದ್ದು ನೆಪ.
ಕೊಕ್ಕೆ ಎಳೆದೆ. ಟಪ್.
ನೆನೆದ ಪಟಾಕಿಯ ಸದ್ದು, ಅಷ್ಟೇ.
ಕದಲಬೇಡ, ಗುರಿಯತ್ತಲೇ ಹಿಡಿ, ಅರವತ್ತು ಎಣಿಸು.
ಕನ್ನಡದಲ್ಲೇ ಎಣಿಸಿದೆ,
ನಲವತ್ತರ ಮೇಲೆ ನನ್ನ ಎದೆಬಡಿತ ಎಣಿಕೆ ದಾಟಿ ಓಡಿತು.
ಇನ್ನೊಂದು ಟೊಪ್ಪಿಗೆ. ಟಪ್. ಮತ್ತೆ ಅರವತ್ತು.
ಈಗ ಕೋಲು ಇಳಿಸು, ಅಂದಳು, ಮೊದಲೇ ಗೊತ್ತಿದ್ದವಳಂತೆ.
ಗೀರು ನಳಿಗೆಯೊಳಗೆ ಮುಳುಗಿಹೋಯಿತು.
ಬಟ್ಟೆ ಇದೆ, ಗುಂಡಿದೆ,
ಮದ್ದೇ ಇಲ್ಲ.

ತಗಡಿನ ಚಪ್ಪರದಡಿ ಚಪ್ಪಾಳೆ!
ಗೋಡೆಗೆ ಹೊಡೆದ ಬಿಸ್ಕತ್ತು ಡಬ್ಬಿಯ ಮುಚ್ಚಳದಲ್ಲಿ
ಮದ್ದು ಮರೆತವರ ಹೆಸರು, ಮೊಳೆಯಿಂದ ಕೊರೆದದ್ದು.
ಥೆಲ್ಮಾ ಮೂರು ಸಲ ಇದ್ದಾಳೆ.
ಸರ್ವಮಂಗಳಾ ಅಂದೆ. ಜಾಗ ಸಾಲದೆ
‘ಸರ್ವ’ ಎಂದಷ್ಟೇ ಕೊರೆದರು.
ಅರ್ಥ ಹೇಳಿದೆ, ಇನ್ನಷ್ಟು ನಕ್ಕರು.

ಸಂಜೆ ಅಡುಗೆಮನೆಯ ಸಿಂಕಿನಲ್ಲಿ ಕುದಿನೀರು, ಸಾಬೂನು.
ನಳಿಗೆಯಿಂದ ಕಾಡಿಗೆ ಇಳಿದೇ ಇಳಿಯಿತು,
ಕೊಳೆತ ಮೊಟ್ಟೆಯ ವಾಸನೆ ಚಹಾಕ್ಕೂ ಹತ್ತಿತು.

ಬುಧವಾರ ಥೆಲ್ಮಾ ಅಂಗಡಿಗೆ ಬಂದಳು,
ಏಳು ಗೂಡಿನ ಗುಳಿಗೆ ಪೆಟ್ಟಿಗೆ ಹಿಡಿದು.
ಮಂಗಳವಾರದ ಗೂಡು ಖಾಲಿ ಇದೆ, ಅಂದಳು.
ನುಂಗಿದೆನೋ, ತುಂಬಲೇ ಇಲ್ಲವೋ...
ಟೋಪಿ ತೆಗೆದಿದ್ದಳು. ಕೂದಲು ಇಷ್ಟು ತೆಳುವೆಂದು ತಿಳಿದಿರಲಿಲ್ಲ.
ಇದಕ್ಕೆ ಕೋಲಿಲ್ಲ ನೋಡು, ಅಂದು ತಡವಾಗಿ ನಕ್ಕಳು.

ಕೂರಿಸಿದೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದೆ.
ಉಗುರ ಸಂದಿಯಲ್ಲಿ ಭಾನುವಾರದ ಕಪ್ಪು ಇನ್ನೂ ಇತ್ತು.
ಇಬ್ಬರೂ ಮಾತಾಡಲಿಲ್ಲ.
ಮುಳ್ಳು ಇಳಿಯುತ್ತಿತ್ತು, ಗೀರಿನಿಂದ ಗೀರಿಗೆ.