ಹೊಸ್ತಿಲು

ಮೊದಲು ಎಲ್ಲವನ್ನೂ ಆರಿಸಬೇಕು.
ಏಸಿ ಬೇಡ, ಫ್ರಿಜ್ಜು ಬೇಡ, ಕಾರಿಡಾರಿನಲ್ಲಿ
ಗುಂಯ್‌ಗುಡುವ ಟ್ಯೂಬ್‌ಲೈಟೂ ಬೇಡ.
ಕೊಲಾಬಾದ ತುದಿ, ರಾತ್ರಿ ಒಂದೂವರೆ.
ಲಿಫ್ಟಿನ ಸಾವಳಾರಾಮನ ಕೈಗೆ ಬೀಡಿಕಟ್ಟು ಕೊಟ್ಟು
ಮೂರರ ತನಕ ಕದಲಿಸಬೇಡ ಮಾರಾಯಾ ಅಂದಿದ್ದೇನೆ.
ಅದು ಏರಿದಾಗಲೆಲ್ಲ ನನ್ನ ಪರದೆಯ ಮೇಲೆ
ಇಲ್ಲದ ಬೆಳಕು ಎಣಿಕೆಗೆ ಬರುತ್ತದೆ.

ಡಿಟೆಕ್ಟರು ನನ್ನ ಕಿರುಬೆರಳಿನ ಉಗುರಿನಷ್ಟು.
ತಣ್ಣಗಾದಷ್ಟೂ ಒಳ್ಳೆಯದು ಅನ್ನುತ್ತದೆ ಪುಸ್ತಕ;
ಬರೆದವರು ಮುಂಬಯಿಯ ಜುಲೈ ಕಂಡವರಲ್ಲ.
ಮೈನಸ್ ನಲವತ್ತಕ್ಕೆ ಇಳಿಸಿದರೆ
ಕಡಲಗಾಳಿ ಹುಡುಕಿಕೊಂಡು ಬಂದು
ಅದರ ತೆಳುಗಿಟಕಿಯ ಮೇಲೆ ಬೆವರುತ್ತದೆ.
ಇಪ್ಪತ್ತೈದಕ್ಕೇ ನಿಲ್ಲಿಸಿದೆ. ಸಾರಜನಕ ಸಣ್ಣಗೆ ಬಿಟ್ಟೆ,
ಧೂಳು ಬಿದ್ದ ಮಗುವಿನ ಕಣ್ಣಿಗೆ ಊದುವ ಹಾಗೆ.

ಇನ್ನು ಹೊತ್ತು.
ಬೆಳಕಿನ ಒಂದೊಂದು ಕಣಕ್ಕೂ ಎಷ್ಟು ಕಿವಿಗೊಡಬೇಕು?
ಹೆಚ್ಚು ಕೇಳಿದರೆ ಹೆಸರು ಸ್ಪಷ್ಟ;
ಅಷ್ಟರಲ್ಲಿ ಹಿಂದಿನದು ಬಂದು ಮೈಮೇಲೆ ಬಿದ್ದು,
ದಾದರಿನಲ್ಲಿ ಇಳಿಯುವವರ ಹಾಗೆ,
ಎರಡೂ ಸೇರಿ ಮೂರನೆಯ ಹೆಸರು ಹೇಳುತ್ತವೆ.
ನಾಲ್ಕು ಮೈಕ್ರೋಸೆಕೆಂಡು. ಸಾಕು.

ಉಳಿದದ್ದು ಹೊಸ್ತಿಲು.
ಫ್ರೇನಿ ಮೇಡಂ ಥ್ರೆಶೋಲ್ಡ್ ಅನ್ನುತ್ತಾರೆ,
ನನ್ನ ನೋಟುಪುಸ್ತಕದಲ್ಲಿ ಹೊಸ್ತಿಲು ಎಂದೇ ಇದೆ.

ಕುರ್ಲಾದ ನಮ್ಮ ಚಾಳಿಗೆ ನೀರು ನುಗ್ಗಿದ ವರ್ಷ
ಗಾರೆ ಭಿಕಾಜಿ ಎರಡು ಇಟ್ಟಿಗೆ ಏರಿಸಿಕೊಟ್ಟ.
ಗಟಾರ ಮತ್ತೆ ಒಳಗೆ ಬರಲಿಲ್ಲ.
ನಲವತ್ತು ವರ್ಷ ಅದೇ ಬಾಗಿಲನ್ನು
ನೋಡದೆ ದಾಟುತ್ತಿದ್ದ ಗಿರಿಜತ್ತೆ
ಕೈಯಲ್ಲಿ ಹಾಲಿನ ತಂಬಿಗೆ ಹಿಡಿದೇ ಎಡವಿದಳು.
ಸೊಂಟದ ಮೂಳೆ.
ಒಂದು ಇಟ್ಟಿಗೆ ತೆಗೆಸಿದೆವು. ಮರುಮಳೆಗೆ ಮತ್ತೆ ಪಾದ ಒದ್ದೆ.
ಸರಿಯಾದ ಎತ್ತರ ಎಷ್ಟೆಂದು ಭಿಕಾಜಿಗೂ ಗೊತ್ತಿಲ್ಲ,
ಅವನ ಲೆಕ್ಕ ಇಟ್ಟಿಗೆಯಿಂದ ಇಟ್ಟಿಗೆಗೆ.

ಇಲ್ಲಿ ತಿರುಪು ಬಲು ನಯ.
ನೂರಕ್ಕಿಟ್ಟರೆ ಬರೀ ಗದ್ದಲ, ಗೆದ್ದಲು ಹಿಡಿದ ಪರದೆ.
ನಾನೂರಕ್ಕಿಟ್ಟರೆ ಶುಭ್ರ, ತೊಳೆದಿಟ್ಟಂತೆ;
ಆದರೆ ಇನ್ನೂರ ಎಪ್ಪತ್ತೇಳರಲ್ಲಿ ಬರುವ ಇಂಗಾಲ,
ಸಣ್ಣ ದನಿಯದು,
ಹೊರಗೇ ಒಂದು ಗಳಿಗೆ ನಿಂತು ಹೊರಟುಹೋಗುತ್ತದೆ.
ಇದ್ದಿಲಿನದು, ಬೀಡಿಯ ಹೊಗೆಯದು, ಅತ್ತೆಯ ಮೂಳೆಯದು.

ಇನ್ನೂರ ಇಪ್ಪತ್ತು, ಎಂದು ಬರೆದೆ.
ಕಾರಣ ಬರೆಯಲು ಪಕ್ಕದಲ್ಲಿ ಒಂದು ಮನೆ ಖಾಲಿ ಇತ್ತು.
ಲಿಫ್ಟು ನಿಂತಿದ್ದಾಗ, ಎಂದಷ್ಟೇ ತುಂಬಿದೆ.

ಕಬ್ಬಿಣದ ಆಕರವನ್ನು ಸೀಸದ ಡಬ್ಬಿಗೆ ಹಾಕಿ ಮುಚ್ಚಿದೆ.
ಈಗ ಏನೂ ಬರಬಾರದು.
ಎರಡು ನಲವತ್ತಕ್ಕೆ ಒಂದು ಗೆರೆ ಎದ್ದಿತು,
ಇನ್ನೂರ ಎಂಬತ್ತರ ಆಸುಪಾಸು, ಒಂದೇ ಒಂದು.
ಗದ್ದಲವೋ, ಯಾರಾದರೂ ಬಂದರೋ.
ಕೆಳಗೆ ಸಾವಳಾರಾಮ ಕೆಮ್ಮಿದ.
ಅಳಿಸಲಿಲ್ಲ.