ಹೌದೆಂದ ದಿನ

ಆಂಟ್‌ವರ್ಪಿನ ರೈಲುಕಮಾನುಗಳ ಬೆನ್ನಿಗೆ
ಒಂದು ಓದುಮನೆ. ಬೆಳಗಿನ ಐದೂವರೆ.
ಹೀಟರಿನ್ನೂ ಕೆಮ್ಮುತ್ತಿದೆ.
ಹೆನೊಖ್ ಕಿಟಕಿ ತೆರೆಯುತ್ತಾನೆ, ನಾನು ಮುಚ್ಚುತ್ತೇನೆ.
ನಮ್ಮ ಪಾಠ ಶುರುವಾಗುವುದೇ ಅಲ್ಲಿಂದ.

ಹನ್ನೊಂದು ವರ್ಷದ ಹಿಂದೆ ನನ್ನದೊಂದು ಹರಳು,
ಸಾಸಿವೆಗಿಂತ ತುಸು ದೊಡ್ಡದು,
ಅವನ ಸಾಣೆಯ ಮೇಲೆ ಬಿರುಕುಬಿಟ್ಟಿತು.
ಬಿರುಕು ಮೊದಲೇ ಇತ್ತು ಅಂದ.
ಇರಲಿಲ್ಲ ಅಂದೆ.
ಹಿರಿಯರು ಕೂತರು, ತೀರ್ಪು ಕೊಟ್ಟರು,
ಇಬ್ಬರಿಗೂ ಹಿಡಿಸಲಿಲ್ಲ.
ಅಂದಿನಿಂದ ಬೀದಿಯಲ್ಲಿ ನಾವು ಯಾರೋ, ಯಾರೋ.
ನನ್ನ ಮಗಳ ಮದುವೆಗೆ ಅವನು ಬರಲಿಲ್ಲ.
ಅವನ ತಾಯಿ ಹೋದಾಗ, ಶೋಕದ ಏಳು ದಿನದಲ್ಲಿ,
ನಾನು ಅವರ ಮೆಟ್ಟಿಲ ತನಕ ಹೋಗಿ ವಾಪಸಾದೆ.
ಶೋಕದಲ್ಲಿ ಓದು ಕೂಡದು.
ಎಂಟನೆಯ ಬೆಳಗ್ಗೆ ಬಂದ, ಹರಿದ ಕೋಟಿನಲ್ಲೇ ಕೂತ,
ಪುಟ ತೆರೆದು ಕೇಳಿದ: ಎಲ್ಲಿದ್ದೆವು?

ಪುಟವೆಂದರೆ, ನಡುವೆ ಒಂದಿಷ್ಟು ಮೂಲ,
ಸುತ್ತ ಅದರ ಮೇಲಿನ ಜಗಳ,
ಅಂಚಿನಲ್ಲಿ ಆ ಜಗಳದ ಮೇಲೆ ಜಗಳ.
ಸತ್ತವರೂ ಮಾತು ನಿಲ್ಲಿಸಿಲ್ಲ.
ಅವರ ನಡುವೆ ನಾವಿಬ್ಬರು,
ಹೆಬ್ಬೆರಳಿನಿಂದ ಗಾಳಿ ಅಗೆಯುತ್ತ,
ಮೇಜು ಗುದ್ದುತ್ತ: ಪುರಾವೆ ತೋರಿಸು!

ಮೊನ್ನೆಯ ಪ್ರಶ್ನೆ ಇದು:
ಹೊಳೆಗೆ ಬಿತ್ತೊಂದು ಗಡಿಗೆ.
ಒಡೆಯ ಅದರ ಆಸೆ ಬಿಟ್ಟದ್ದು ಯಾವಾಗ?
ಬಿದ್ದ ಕ್ಷಣವೋ? ಕಣ್ಮರೆಯಾದಾಗಲೋ?
ಅಯ್ಯೋ ಅಂತ ಬಾಯಿಬಿಟ್ಟ ಮೇಲೋ?
ಬಾಯಿಬಿಟ್ಟ ಮೇಲೇ, ಅಂದೆ ನಾನು,
ಮತ್ತು ಏಟಿಗೆ ಕಾಯುತ್ತ ಕೂತೆ.

ಹೌದು, ಅಂದ ಹೆನೊಖ್.
ನೀನು ಹೇಳುವುದೇ ಸರಿ, ಝುಂಡಲ್.

ಹೀಟರು ಕೂಡ ಸುಮ್ಮನಾಯಿತು.
ಆಗ ನೋಡಿದೆ ಅವನ ಕೈಯನ್ನು:
ಕೂದಲೆಳೆಯಷ್ಟು ಕೋನವನ್ನು ತಪ್ಪದ ಕೈ
ಒಂದು ಹಾಳೆ ತಿರುವಲಾರದೆ
ಪುಟದ ಮೂಲೆಯಲ್ಲಿ ನಡುಗುತ್ತಿತ್ತು.

ನಾನು ಸುಳ್ಳು ಹೇಳಿದೆ.
ಇಲ್ಲ, ನಾನಂದದ್ದು ತಪ್ಪು ಅಂದೆ.
ಅವನ ಪಕ್ಷ ಹಿಡಿದು ನನ್ನನ್ನೇ ಬಡಿದೆ,
ಅವನು ಹೇಳಬೇಕಿದ್ದ ಆಕ್ಷೇಪಗಳನ್ನೆಲ್ಲ
ಒಂದೊಂದಾಗಿ, ಅವನದೇ ದನಿಯಲ್ಲಿ.
ಹಾಳೆಯನ್ನು ನಾನೇ ತಿರುವಿದೆ,
ನನಗೇ ಅವಸರವೆಂಬಂತೆ.
ಬಹಳ ಹೊತ್ತಾದ ಮೇಲೆ ಗೊಣಗಿದ:
ನನ್ನ ವಾದವನ್ನೂ ಕೆಡಿಸಿದೆಯಲ್ಲೋ, ದಡ್ಡ.

ಹೊರಗೆ ಕಲ್ಲುಹಾಸಿನ ಮೇಲೆ ಹೆಪ್ಪುಗಟ್ಟಿದ ನೀರು.
ಇಲ್ಲಿಂದ ನಾವು ಯಾರೋ, ಯಾರೋ.
ನಾಲ್ಕು ಹೆಜ್ಜೆ ಇಟ್ಟ, ನಿಂತ,
ನನ್ನ ತೋಳು ಹಿಡಿದ, ಮುಖ ನೋಡದೆ.
ಟ್ರಾಮು ಬಂತು, ಹೋಯಿತು.
ಆಮೇಲೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ,
ಬೀದಿಯಲ್ಲಿ ಬಾಯಿಬಿಟ್ಟ:
ಬಿರುಕು ಮೊದಲೇ ಇತ್ತು.

ಇರಲಿಲ್ಲ, ಅಂದೆ,
ಅವನ ಕೈ ಜಾರದಂತೆ ಒತ್ತಿ ಹಿಡಿದು.
ಇರಲಿಲ್ಲ ಕಣೋ. ಪುರಾವೆ ತೋರಿಸು.